ವಿನೆಗರ್ ಬಕೆಟ್ ಸೋರುತ್ತಿದೆಯೆ?

ಪ್ರಶ್ನೆ: ಕೊಬ್ಬರಿಗೆ ಕಾಯಿ ಒಡೆಯುವಾಗ ಸಿಗುವ ನೀರಿಗೆ ಸಕ್ಕರೆ, ಯೀಸ್ಟ್ ಹಾಕಿ ವಿನೆಗರ್‌ಗೆ ಇಟ್ಟಿದ್ದೇವೆ. 25 ಲೀಟರಿನ ಬಕೆಟ್ಟಿಗೆ ಕೂರಿಸಿದ ಪ್ಲಾಸ್ಟಿಕ್ ನಲ್ಲಿಯ ಬಳಿ ಹನಿಯುತ್ತಿದೆ, ಎಷ್ಟು ಬಿಗಿ ಮಾಡಿದರೂ ನಿಲ್ಲುತ್ತಿಲ್ಲ. ಏರ್‌ಲಾಕಿನಲ್ಲಿ (ಅನಿಲ ಹೊರಬಿಟ್ಟು ಗಾಳಿ ಒಳಬಿಡದ, ಮುಚ್ಚಳದ ಮೇಲಿನ ನೀರಿನ ಕೊಳವೆ) ಗುಳ್ಳೆಯೂ ಇಲ್ಲ. ಬಕೆಟ್ ಎಸೆಯಬೇಕೆ?
– ಓದುಗರು, ಬದಿಯಡ್ಕ

ಉತ್ತರ: ಎಸೆಯಬೇಡಿ. ಇನ್ನಷ್ಟು ಬಿಗಿಯನ್ನೂ ಮಾಡಬೇಡಿ. ಅತಿ ಬಿಗಿಯಾದರೆ ವಾಶರ್ ಹಿಸುಕಿಕೊಂಡು ಪಕ್ಕಕ್ಕೆ ಜಾರುತ್ತದೆ.

ಮೊದಲು ಹನಿ ಎಲ್ಲಿಂದ ಬರುತ್ತಿದೆ ನೋಡಿ. ನಲ್ಲಿಯನ್ನು ಒರೆಸಿ, ಬುಡಕ್ಕೊಂದು, ಬಾಯಿಗೊಂದು ಟಿಶ್ಯೂ ಸುತ್ತಿ ಅರ್ಧ ಗಂಟೆ ಬಿಡಿ. ಬಾಯಿಯದ್ದು ಮಾತ್ರ ಒದ್ದೆಯಾದರೆ ನಲ್ಲಿಯ ಒಳಗೆ ಕಸ ಕೂತಿದೆ ಅಥವಾ ಅದು ಸವೆದಿದೆ. ಬಿಚ್ಚಿ ತೊಳೆಯಿರಿ, ಆಗಲೂ ನಿಲ್ಲದಿದ್ದರೆ ಬದಲಿಸಿ.

ಬುಡ ಒದ್ದೆಯಾದರೆ ಮೊದಲ ಅನುಮಾನ ವಾಶರ್ ಇರುವ ಜಾಗದ ಮೇಲೆ. ಒಂದೇ ವಾಶರ್ ಇದ್ದಾಗ ಅನೇಕರು ಅದನ್ನು ಒಳಗೆ, ನಟ್ಟಿನ ಅಡಿಗೆ ಹಾಕುತ್ತಾರೆ. ಅಲ್ಲಿ ಅದರಿಂದ ಪ್ರಯೋಜನವಿಲ್ಲ. ನಟ್ಟಿನ ಥ್ರೆಡ್ ನೀರು ತಡೆಯುವುದಿಲ್ಲ. ದ್ರವ ಥ್ರೆಡ್‌ಗುಂಟ ಸುತ್ತಿ ಬಂದು ತೂತಿನಿಂದ ಹೊರಬೀಳುತ್ತದೆ. ವಾಶರ್ ಇರಬೇಕಾದದ್ದು ಹೊರಗೆ, ನಲ್ಲಿಯ ಅಗಲ ಅಂಚಿಗೂ ಬಕೆಟ್ಟಿನ ಗೋಡೆಗೂ ನಡುವೆ. ಎರಡಿದ್ದರೆ ಇನ್ನೊಂದು ಒಳಗಿರಲಿ.

ಆಮೇಲೆ ತೂತು. ಅರ್ಧ ಇಂಚಿನ ಥ್ರೆಡ್‌ಗೆ 22 ಮಿ.ಮೀ. ಸಾಕು. ಕಾದ ಕಬ್ಬಿಣದಿಂದ ಕರಗಿಸಿ ಮಾಡಿದ ತೂತಿನ ಅಂಚು ಉಬ್ಬಿರುತ್ತದೆ, ಅದರ ಮೇಲೆ ವಾಶರ್ ಸಮವಾಗಿ ಕೂರುವುದಿಲ್ಲ. ಬ್ಲೇಡಿನಿಂದ ಕೆರೆದು, ನಯವಾದ ಉಜ್ಜುಕಾಗದ ಆಡಿಸಿ. ಬಕೆಟ್ಟಿನ ಗೋಡೆ ಬಾಗಿರುವುದರಿಂದ 3 ಮಿ.ಮೀ. ದಪ್ಪದ, ಮೆತ್ತನೆಯ ಆಹಾರದರ್ಜೆಯ ಸಿಲಿಕೋನ್ ವಾಶರ್ ಒಳ್ಳೆಯದು. ನಲ್ಲಿಯನ್ನು ಅಲುಗಾಡದಂತೆ ಹಿಡಿದು ಒಳಗಿನ ನಟ್ಟನ್ನು ತಿರುಗಿಸಿ: ಕೈಬಿಗಿ, ಮೇಲೊಂದು ಕಾಲು ಸುತ್ತು. ತುಂಬಿದ ಬಕೆಟ್ಟಿನಲ್ಲಿ ಹೊರಗಿನಿಂದ ನಲ್ಲಿ ತಿರುಗಿಸಿದರೆ ನಟ್ಟೂ ಜೊತೆಗೇ ತಿರುಗುತ್ತದೆ. ಹಾಗಾಗಿ ಈಗಿರುವುದನ್ನು ಪೈಪ್ ಹಾಕಿ ಬೇರೆ ಶುಚಿಯಾದ ಬಕೆಟ್ಟಿಗೆ ಇಳಿಸಿಯೇ ಕೆಲಸ ಶುರುಮಾಡಿ.

ಎಂ-ಸೀಲ್ ಮೆತ್ತಬೇಡಿ, ಬಾತ್‌ರೂಮಿನ ಸಿಲಿಕೋನ್ ಅಂತೂ ಬೇಡವೇ ಬೇಡ. ಅದರಲ್ಲಿ ಶಿಲೀಂಧ್ರನಾಶಕ ಇರುತ್ತದೆ. ನಮ್ಮ ಕಡೆ ರಬ್ಬರಿಗೆ ತೆಂಗಿನೆಣ್ಣೆ ಸವರುವ ರೂಢಿಯಿದೆ. ಎಣ್ಣೆಗೆ ನೈಸರ್ಗಿಕ ರಬ್ಬರ್ ಊದಿ ಮೆತ್ತಗಾಗುತ್ತದೆ, ಕುದಿಸಿ ಆರಿಸಿದ ನೀರೇ ಸಾಕು.

ಜೋಡಿಸಿದ ಮೇಲೆ ಬಕೆಟ್ಟನ್ನು ಕಂಠಮಟ್ಟ ನೀರು ತುಂಬಿ, ಒಣ ಪತ್ರಿಕೆಯ ಮೇಲೆ 24 ಗಂಟೆ ಇಡಿ. ಅರ್ಧ ತುಂಬಿಸಿದರೆ ಒತ್ತಡ ಸಾಲದು, ಪರೀಕ್ಷೆ ಸುಳ್ಳಾಗುತ್ತದೆ. ತಳದಲ್ಲೇ ಬಿರುಕು ಕಂಡರೆ ಮಾತ್ರ ಆ ಬಕೆಟ್ ಗಿಡಕ್ಕೆ ನೀರು ಹಾಕಲಿಕ್ಕೆ.

ಗುಳ್ಳೆ ಕಾಣದಿದ್ದರೆ ಯೀಸ್ಟ್ ಸತ್ತಿದೆಯೆಂದಲ್ಲ. ಅನಿಲ ಮುಚ್ಚಳದ ಸಂದಿಯಿಂದ ಹೋಗುತ್ತಿರಬಹುದು. ಮುಚ್ಚಳವನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಏರ್‌ಲಾಕಿನ ನೀರು ಒಂದು ಕಡೆ ಏರಿ ಅಲ್ಲೇ ನಿಂತರೆ ಸರಿ, ಒತ್ತಿರುವಾಗಲೇ ಇಳಿದರೆ ಸೋರಿಕೆ. ಅಂಚಿಗೂ ಏರ್‌ಲಾಕ್ ಸುತ್ತಲಿನ ಗ್ರೊಮೆಟ್ಟಿಗೂ (ರಬ್ಬರ್ ಬಳೆ) ಸಾಬೂನು ನೀರು ಹಚ್ಚಿ ಮತ್ತೆ ಒತ್ತಿದರೆ ಜಾಗ ಗೊತ್ತಾಗುತ್ತದೆ. ಗ್ರೊಮೆಟ್ ಒಡೆದಿದ್ದರೆ ಹೊಸದು ಹಾಕಿ. ಯೀಸ್ಟ್ ಚುರುಕಾಗಿರುವ ದಿನಗಳಲ್ಲಿ ಹೊರನುಗ್ಗುವ ಅನಿಲವೇ ಗಾಳಿಯನ್ನು ತಡೆಯುವುದರಿಂದ ಈ ಸಣ್ಣ ಸೋರಿಕೆಗೆ ಹೆದರಬೇಕಿಲ್ಲ. ಯೀಸ್ಟಿನ ಕೆಲಸ ಮುಗಿದ ಮೇಲೆ, ಎರಡನೇ ಹಂತದಲ್ಲಿ, ಹುಳಿ ಬರಿಸುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕೇ ಬೇಕು. ಆಗ ಮುಚ್ಚಳ ತೆಗೆದು, ನೊಣ ನುಸುಳದಂತೆ ಒತ್ತಾದ ತೆಳು ಬಟ್ಟೆ ಕಟ್ಟುತ್ತೀರಿ.

ಪ್ರಶ್ನೆ: ಪ್ಲಾಸ್ಟಿಕ್ ಬದಲು ಹಿತ್ತಾಳೆ ನಲ್ಲಿ ಹಾಕಬಹುದೆ?
– ಓದುಗರು, ಮಂಜೇಶ್ವರ

ಉತ್ತರ: ಬೇಡ. ವಿನೆಗರಿನ ಆಮ್ಲಕ್ಕೆ ಹಿತ್ತಾಳೆಯ ತಾಮ್ರ ಕರಗಿ ಸೇರುತ್ತದೆ, ಕೆಲವು ಹಿತ್ತಾಳೆಯಲ್ಲಿ ಸೀಸವೂ ಇರುತ್ತದೆ. ಆಹಾರದರ್ಜೆಯ ಪಾಲಿಪ್ರೊಪಿಲೀನ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ನಲ್ಲಿ ಹಾಕಿ.