ನ್ಯಾರೋಬೋಟ್‌ನಲ್ಲಿ (ಉದ್ದನೆಯ, ಕಿರಿದಾದ ಕಾಲುವೆ ದೋಣಿ) ಇಂಗ್ಲೆಂಡಿನ ಕಾಲುವೆ ಸುತ್ತಿದರೆ ಒಂದು ದಿನಕ್ಕೆ ಎಷ್ಟು ದೂರ ಹೋಗಬಹುದು?

ಜಾಸ್ತಿ ದೂರ ಏನಿಲ್ಲ, 20 ಕಿ.ಮೀ. ಹೋದರೆ ಅದೇ ದೊಡ್ಡದು. ವೇಗದ ಮಿತಿಯೇ ಗಂಟೆಗೆ 4 ಮೈಲಿ, ಅಂದರೆ ಸುಮಾರು ಆರೂವರೆ ಕಿ.ಮೀ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಇನ್ನೂ ನಿಧಾನಕ್ಕೆ ಹೋಗಬೇಕು, ಇಲ್ಲದಿದ್ದರೆ ಒಳಗಿದ್ದವರ ಚಹಾ ಚೆಲ್ಲಿ ಬೈಸಿಕೊಳ್ಳುತ್ತೀರಿ.

ನಿಜವಾಗಿ ಸಮಯ ತಿನ್ನುವುದು ಲಾಕ್‌ಗಳು. ಎರಡೂ ಕಡೆ ಗೇಟಿರುವ ಕಲ್ಲಿನ ತೊಟ್ಟಿ ಅಂದುಕೊಳ್ಳಿ: ದೋಣಿ ಒಳಗೆ ಬಿಟ್ಟು, ಗೇಟು ಮುಚ್ಚಿ, ಕೈಹಿಡಿ ತಿರುಗಿಸಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ಖಾಲಿ ಮಾಡಿದರೆ ಇಳಿಯುತ್ತದೆ. ಎಲ್ಲಾ ನೀವೇ ಮಾಡಬೇಕು, ಒಂದಕ್ಕೆ ಕಾಲು ಗಂಟೆ ಹಿಡಿಯಿರಿ. ವೂಸ್ಟರ್–ಬರ್ಮಿಂಗ್‌ಹ್ಯಾಮ್ ಕಾಲುವೆಯ ಟಾರ್ಡೆಬಿಗ್‌ನಲ್ಲಂತೂ ಸಾಲಾಗಿ 30 ಲಾಕ್ ಇವೆ, ನಾಲ್ಕು ಕಿ.ಮೀ. ಕೂಡ ಇಲ್ಲದ ದಾರಿಗೆ ಅರ್ಧ ದಿನ ಹೋಯಿತು!

ಲಾಕ್‌ನಲ್ಲಿ ನೀರಿನ ಜೊತೆ ಕೆಳಗಿಳಿಯುವಾಗ ದೋಣಿಯನ್ನು ಮುಂದಕ್ಕೇ ಇಟ್ಟುಕೊಳ್ಳಿ. ಹಿಂದಿನ ಗೇಟಿನ ಕೆಳಗಿರುವ ಕಟ್ಟೆಗೆ ಹಿಂಭಾಗ ಸಿಕ್ಕಿಕೊಂಡರೆ ದೋಣಿ ಮುಳುಗಲೂಬಹುದು.

ಬಾಡಿಗೆ ದೋಣಿಗೆ ಲೈಸೆನ್ಸ್ ಬೇಕಿಲ್ಲ. ಚುಕ್ಕಾಣಿ ಮಾತ್ರ ಉಲ್ಟಾ: ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಮೊದಲ ಒಂದು ಗಂಟೆ ದಡಕ್ಕೆ ಗುದ್ದುವುದು ಮಾಮೂಲು ಬಿಡಿ.