ಒಂದೇ ಪೋರ್ಟ್‌ಗೆ ಎರಡು ಐಪಿ

ಪ್ರಶ್ನೆ: ಅಂಗಡಿಯ ಉಬುಂಟು (ಲಿನಕ್ಸ್) ಸರ್ವರ್‌ನ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, 192.168.1.10. ಬಿಲ್ಲಿಂಗ್‌ಗೆಂದು ಅದೇ ನೆಟ್‌ವರ್ಕ್ ಕೇಬಲ್ ಪೋರ್ಟ್‌ಗೆ 192.168.1.11 ಅನ್ನೂ ಕಮಾಂಡ್‌ನಲ್ಲಿ ಸೇರಿಸಿದೆವು. ಕರೆಂಟ್ ಹೋಗಿ ಬಂದರೆ ಎರಡನೆಯದು ಮಾಯ. ಏನು ಮಾಡಬೇಕು?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಕಮಾಂಡ್‌ನಲ್ಲಿ ಕೊಟ್ಟದ್ದು ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಉಳಿಯಬೇಕಾದರೆ ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ (/etc/netplan ಫೋಲ್ಡರ್) ಬರೆಯಿರಿ. ಮೊದಲ ವಿಳಾಸದ ಸಾಲಿನ ಕೆಳಗೆ, ಅಷ್ಟೇ ಸ್ಪೇಸ್ ಬಿಟ್ಟು, ಸಣ್ಣ ಗೆರೆ (-) ಹಾಕಿ, ಒಂದು ಸ್ಪೇಸ್ ಬಿಟ್ಟು 192.168.1.11/24 ಎಂದು ಸೇರಿಸಿ. ಸ್ಪೇಸ್ ಬದಲು ಟ್ಯಾಬ್ ಒತ್ತಿದರೆ ಫೈಲ್ ಓದುವುದೇ ಇಲ್ಲ. ನೆಟ್‌ವರ್ಕ್‌ನ ವ್ಯಾಪ್ತಿ ಹೇಳುವ /24 ಮರೆತರೂ ಎರರ್. ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ರೂಟರ್‌ನ ವಿಳಾಸ) ಒಂದೇ ಸಾಕು, ಎರಡನೆಯದು ಬೇಡವೇ ಬೇಡ.

ನಂತರ ನೇರವಾಗಿ ‘ಅಪ್ಲೈ’ ಕೊಡದೆ ‘ನೆಟ್‌ಪ್ಲಾನ್ ಟ್ರೈ’ ಕೊಡಿ. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಹಳೆಯ ಸೆಟ್ಟಿಂಗ್‌ಗೇ ಮರಳುತ್ತದೆ. ದೂರದಿಂದ ಲಾಗಿನ್ ಆಗಿದ್ದಾಗ ಇದು ದೊಡ್ಡ ಆಸರೆ.

ಜನ ಎಡವುವುದು ರೂಟರ್‌ನಲ್ಲಿ. ಅದು ತಾನಾಗಿ ಹಂಚುವ ವಿಳಾಸಗಳ (ಡಿಎಚ್‌ಸಿಪಿ) ಪಟ್ಟಿಯಿಂದ .11 ಅನ್ನು ಹೊರಗಿಡಿ. ಇಲ್ಲದಿದ್ದರೆ ಯಾರದೋ ಮೊಬೈಲ್‌ಗೆ ಅದೇ ವಿಳಾಸ ಸಿಕ್ಕಿ, ಬಿಲ್ಲಿಂಗ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ನೀವು ಸುಮ್ಮನೆ ಕೇಬಲ್ ಬದಲಿಸುತ್ತಾ ಕೂರುತ್ತೀರಿ. ಬೇರೆ ಯಂತ್ರ ಅದನ್ನು ಬಳಸುತ್ತಿದೆಯೇ ಎಂದು ನೋಡಲು ಪಿಂಗ್ ನಂಬಬೇಡಿ, ಫೈರ್‌ವಾಲ್ ತಡೆಯಬಹುದು, ‘ಆರ್ಪಿಂಗ್’ (arping) ಎಂಬ ಕಮಾಂಡ್ ಬಳಸಿ.

ಇನ್ನೊಂದು: ಸರ್ವರ್ ತಾನಾಗಿ ಹೊರಗೆ ಸಂಪರ್ಕಿಸುವಾಗ ಸಾಮಾನ್ಯವಾಗಿ .10 ಅನ್ನೇ ತೋರಿಸುತ್ತದೆ.