ಪುಕ್ಕಟೆ ಚಿಕಿತ್ಸೆಗೂ ಲೈಸೆನ್ಸ್ ಬೇಕಾ?

ಪ್ರಶ್ನೆ: ನನ್ನ ಅಕ್ಕನ ಮಗ ಹುಟ್ಟಿದ್ದು, ಓದಿದ್ದು, ಡಾಕ್ಟರ್ ಆಗಿದ್ದು ಎಲ್ಲಾ ಅಮೆರಿಕದಲ್ಲೇ. ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್) ಇದೆ. ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಬರುತ್ತಾನೆ. ಅವನ ಜೊತೆ ಅಲ್ಲಿನ ಒಬ್ಬ ನರ್ಸ್ ಕೂಡ ಬರ್ತಾರೆ. ನಮ್ಮೂರ ಶಾಲೆಯಲ್ಲಿ ಎರಡು ದಿನ ಉಚಿತ ತಪಾಸಣೆ ಮಾಡಿ ಮಾತ್ರೆ ಹಂಚಬೇಕು ಅಂತ ಅವನಿಗೆ ಆಸೆ. "ದುಡ್ಡೇ ತಗೊಳ್ಳಲ್ಲ ಅಂದ್ಮೇಲೆ ಯಾರು ಕೇಳ್ತಾರೆ, ಶಾಮಿಯಾನ ಹಾಕ್ಸಿ" ಅಂತಾರೆ ಪಂಚಾಯಿತಿ ಸದಸ್ಯರು. ಹೌದಾ?
— ಓದುಗರು, ತಿಪಟೂರು ತಾಲೂಕು

ಉತ್ತರ: ಶಾಮಿಯಾನದವರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಸ್ವಲ್ಪ ತಡೆಯಿರಿ.

ಕಾನೂನು ನೋಡುವುದು ಫೀಸನ್ನಲ್ಲ, ಕೆಲಸವನ್ನು. ರೋಗಿಯನ್ನು ಪರೀಕ್ಷಿಸಿ, ಇದು ಇಂಥ ಕಾಯಿಲೆ ಅಂತ ಹೇಳಿ ಔಷಧಿ ಬರೆದುಕೊಟ್ಟರೆ ಅದು ವೈದ್ಯ ವೃತ್ತಿ. ಹತ್ತು ರೂಪಾಯಿ ತಗೊಂಡರೂ ಅಷ್ಟೇ, ತಗೊಳ್ಳದಿದ್ದರೂ ಅಷ್ಟೇ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಪ್ರಕಾರ ಇಲ್ಲಿ ನೋಂದಣಿ ಇಲ್ಲದವರು ಅಲೋಪತಿ ವೈದ್ಯ ಮಾಡುವಂತಿಲ್ಲ. ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಲಮು ಬಂದಿದ್ದು ನಕಲಿ ಡಾಕ್ಟರುಗಳನ್ನು ಹಿಡಿಯೋಕೆ, ನಿಮ್ಮ ಅಕ್ಕನ ಮಗನಂಥವರನ್ನು ಹಿಡಿಯೋಕಲ್ಲ, ನಿಜ. ಆದರೆ ಯಾರೋ ಒಬ್ಬರು ದೂರು ಕೊಟ್ಟರೆ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತೆ.

ಓಸಿಐ ಕಾರ್ಡ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಡಾಕ್ಟರ್, ದಂತವೈದ್ಯ, ನರ್ಸ್, ಫಾರ್ಮಸಿಸ್ಟ್ ವೃತ್ತಿಗಳಲ್ಲಿ ಓಸಿಐನವರಿಗೂ ಎನ್‌ಆರ್‌ಐಗಳ ಸಮಾನ ಅವಕಾಶ ಇದೆ ಅಂತ ಬರೆದಿದೆ. ಆದರೆ ಅದೇ ಸಾಲಿನಲ್ಲಿ "ಆಯಾ ಕಾಯ್ದೆಗಳ ಪ್ರಕಾರ" ಅನ್ನೋ ಮಾತೂ ಇದೆ. ಅಂದರೆ ಕಾರ್ಡ್ ಇದ್ದರೆ ಬಾಗಿಲವರೆಗೆ ಬರಬಹುದು, ಒಳಗೆ ಹೋಗೋಕೆ ನೋಂದಣಿ ಬೇಕೇ ಬೇಕು. ನರ್ಸ್‌ಗೂ ಇದೇ ಕಥೆ, ಅವರ ಕೌನ್ಸಿಲ್ ಬೇರೆ ಅಷ್ಟೇ. ಅವರು ಟೂರಿಸ್ಟ್ ವೀಸಾದಲ್ಲಿ ಬರುತ್ತಿದ್ದರೆ, ದುಡ್ಡು ತೆಗೆದುಕೊಳ್ಳದೆ ಒಂದು ತಿಂಗಳವರೆಗೆ ಸ್ವಯಂಸೇವೆ ಮಾಡಲು ಆ ವೀಸಾದಲ್ಲಿ ಅವಕಾಶ ಇದೆ. ಆದರೆ ವೀಸಾ ಕೊಡೋರು ಬೇರೆ, ಇಂಜೆಕ್ಷನ್ ಚುಚ್ಚೋಕೆ ಅನುಮತಿ ಕೊಡೋರು ಬೇರೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ತನ್ನ ದೇಶದಲ್ಲಿ ನೋಂದಣಿ ಇರುವ ವಿದೇಶಿ ವೈದ್ಯರಿಗೆ ಇಲ್ಲಿ ತಾತ್ಕಾಲಿಕ ನೋಂದಣಿ ಕೊಡಬಹುದು ಅಂತ ಅದೇ ಕಾಯ್ದೆಯಲ್ಲಿದೆ. ಇದು ಹೊಸದೇನಲ್ಲ, 1956ರ ಹಳೇ ಕಾಯ್ದೆಯಲ್ಲೂ ಬೋಧನೆ, ಸಂಶೋಧನೆ, ಧರ್ಮಾರ್ಥ ಸೇವೆಗೆ ಅಂತ ಒಂದು ಕಿಂಡಿ ಬಿಟ್ಟಿದ್ದರು, ಅದೂ ಒಂದು ಸಂಸ್ಥೆಗೆ ಸೇರಿಕೊಂಡು ಮಾಡುವುದಾದರೆ ಮಾತ್ರ. ಹಾಗಾಗಿ ಒಬ್ಬರೇ ಅರ್ಜಿ ಹಾಕಿ ಒದ್ದಾಡುವ ಬದಲು ಒಂದು ಆಸ್ಪತ್ರೆಯನ್ನೋ ಮೆಡಿಕಲ್ ಕಾಲೇಜನ್ನೋ ಜೊತೆ ಮಾಡಿಕೊಳ್ಳಿ. ಡಿಸೆಂಬರ್‌ಗೆ ಬೇಕಾದರೆ ನವೆಂಬರ್ ಕೊನೆಯಲ್ಲಿ ಹೊರಟರೆ ಆಗಲ್ಲ, ಈಗಲೇ ಶುರು ಮಾಡಿ.

ಅಷ್ಟು ಹೊತ್ತಿಲ್ಲ ಅಂದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಜಾಸ್ತಿ ಇಷ್ಟ. ತಾಲೂಕು ಆರೋಗ್ಯಾಧಿಕಾರಿಯನ್ನು ಹೋಗಿ ನೋಡಿ, ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ, ಶಿಬಿರವನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆ ಸೇರಿ ಮಾಡಿ. ನೋಡೋದು, ಚೀಟಿ ಬರೆಯೋದು ಇಲ್ಲಿನ ನೋಂದಾಯಿತ ಡಾಕ್ಟರು. ನಿಮ್ಮ ಹುಡುಗ ಸಕ್ಕರೆ ಕಾಯಿಲೆ, ಬಿಪಿ ಬಗ್ಗೆ ಜನರ ಹತ್ತಿರ ಕೂತು ಮಾತಾಡಲಿ, ಆಶಾ ಕಾರ್ಯಕರ್ತೆಯರ ಜೊತೆ ಹರಟಲಿ, ಖರ್ಚು ನೋಡಿಕೊಳ್ಳಲಿ. ಅವನಿಗೆ ಸ್ವಲ್ಪ ನಿರಾಸೆ ಆಗಬಹುದು, ಪರವಾಗಿಲ್ಲ.

ಸೂಟ್‌ಕೇಸಿನ ವಿಷಯಾನೂ ಹೇಳಿಬಿಡ್ತೀನಿ. ವಿದೇಶದಿಂದ ಲೈಸೆನ್ಸ್ ಇಲ್ಲದೆ ಔಷಧಿ ತರೋಕೆ ವಿನಾಯಿತಿ ಇರುವುದು ಸ್ವಂತ ಬಳಕೆಗೆ ಮಾತ್ರ, ಅದಕ್ಕೂ ಒಂದೊಂದು ಔಷಧಿಗೆ 100 ಡೋಸಿನ ಮಿತಿ ಇದೆ. ಊರಿಗೆಲ್ಲಾ ಹಂಚೋ ಮಾತ್ರೆ ಸ್ವಂತ ಬಳಕೆ ಹೇಗಾಗುತ್ತೆ? ಇಲ್ಲೇ ಬಿಲ್ ಹಾಕಿಸಿ ಕೊಂಡುಕೊಳ್ಳಿ, ಬೆಲೆಯೂ ಕಡಿಮೆ. ಇನ್ನು, ಅಂಗೈಯಲ್ಲಿ ಹಿಡಿಯೋ ಅಲ್ಟ್ರಾಸೌಂಡ್ ಸ್ಕ್ಯಾನರ್ ಈಗ ಅಲ್ಲಿನ ಡಾಕ್ಟರುಗಳ ಜೇಬಲ್ಲೇ ಇರುತ್ತೆ. ಅದನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬರೋಕೆ ಹೇಳಿ. ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆಯಡಿ ಸ್ಕ್ಯಾನಿಂಗ್ ಯಂತ್ರಕ್ಕೆ ನೋಂದಣಿ ಕಡ್ಡಾಯ, ಎಲ್ಲೆಂದರಲ್ಲಿ ಹೊತ್ತು ತಿರುಗುವಂತಿಲ್ಲ. ಹೃದಯ ನೋಡೋಕೆ ತಂದಿದ್ದು ಅಂದರೆ ಅಧಿಕಾರಿಗಳು ನಂಬಲೇಬೇಕು ಅಂತೇನಿಲ್ಲ.

ಪ್ರಶ್ನೆ: ಕೇರಳದ ಡಾಕ್ಟರೊಬ್ಬರು ನಮ್ಮ ಸಂಘದ ಶಿಬಿರಕ್ಕೆ ಒಂದು ದಿನದ ಮಟ್ಟಿಗೆ ಬರೋಕೆ ಒಪ್ಪಿದ್ದಾರೆ. ಅವರಿಗೂ ಇಷ್ಟೆಲ್ಲಾ ಇದೆಯಾ?
— ಓದುಗರು, ವಿರಾಜಪೇಟೆ

ಉತ್ತರ: ಅಷ್ಟೊಂದಿಲ್ಲ. ಅವರು ಭಾರತದಲ್ಲೇ ನೋಂದಣಿ ಆದ ವೈದ್ಯರು. ಕಾಯಂ ಆಗಿ ಇಲ್ಲಿ ಕ್ಲಿನಿಕ್ ಇಡೋದಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಮಾಡಿಸಬೇಕು, ಒಂದು ದಿನಕ್ಕೆ ಬರುವವರ ಕಥೆ ಬೇರೆ. ಆದರೂ ಅವರ ನೋಂದಣಿ ಪತ್ರದ ಜೆರಾಕ್ಸ್ ಒಂದನ್ನು ಶಿಬಿರದ ಅರ್ಜಿಗೆ ಲಗತ್ತಿಸಿ. ಚೀಟಿ ಮೇಲೆ ಅವರ ನೋಂದಣಿ ಸಂಖ್ಯೆ ಇರಲೇಬೇಕು.

ಪ್ರಶ್ನೆ: ನನಗೀಗ 74 ವರ್ಷ. ಡಾ. ಎಂ.ಸಿ. ಮೋದಿಯವರು ನಮ್ಮ ಕಡೆ ಬಂದಾಗ ನಮ್ಮಪ್ಪನ ಕಣ್ಣಿನ ಪೊರೆ ತೆಗೆದಿದ್ದು ಒಂದು ಛತ್ರದಲ್ಲಿ. ಆಗ ಯಾವ ರೂಲ್ಸು ಇತ್ತು? ಈಗಿನವರು ಸುಮ್ನೆ ಒಳ್ಳೆ ಕೆಲಸಕ್ಕೆ ಅಡ್ಡಗಾಲು ಹಾಕ್ತಾರೆ.
— ಓದುಗರು, ಬಾಗಲಕೋಟೆ

ಉತ್ತರ: ಮೋದಿಯವರ ಹೆಸರು ಎತ್ತಿದಿರಲ್ಲ, ನಾನು ಜಗಳಕ್ಕೆ ಬರಲ್ಲ. ನಿಮ್ಮ ಬೀಳಗಿ ಕಡೆಯವರೇ. ಒಂದೇ ದಿನ 833 ಕಣ್ಣಿನ ಪೊರೆ ಆಪರೇಷನ್ ಮಾಡಿ ದಾಖಲೆ ಬರೆದವರು. ಜನ "ಕಣ್ಣು ಕೊಟ್ಟ ಅಣ್ಣ" ಅಂದಿದ್ದು ಸುಮ್ನೆ ಅಲ್ಲ.

ಆದರೆ ಒಂದು ಮಾತು. ಮೋದಿಯವರು ಓದಿ ಪಾಸಾಗಿದ್ದ ಡಾಕ್ಟರು, ಅವರ ಹೆಸರೂ ಊರೂ ಎಲ್ಲರಿಗೂ ಗೊತ್ತಿತ್ತು, ಏನಾದರೂ ಆದರೆ ಹೋಗಿ ಕೇಳಬಹುದಿತ್ತು. ಎಲ್ಲಾ ಶಿಬಿರಗಳೂ ಹಾಗಿರಲಿಲ್ಲ. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ಒಂದು ಉಚಿತ ಕಣ್ಣಿನ ಶಿಬಿರ ನಡೆಯಿತು. ಅಲ್ಲಿ ಪೊರೆ ತೆಗೆಸಿಕೊಂಡವರಲ್ಲಿ ಹೆಚ್ಚುಕಮ್ಮಿ ಎಲ್ಲರ ಆ ಕಣ್ಣೂ ಸೋಂಕಾಗಿ ಕೆಟ್ಟುಹೋಯಿತು. ಬೆಳಕು ಬರುತ್ತೆ ಅಂತ ಬಂದ ಬಡವರು ಅವರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1989ರಲ್ಲಿ ತೀರ್ಪು ಬಂತು. ಕಣ್ಣಿನ ಶಿಬಿರ ಹೇಗೆ ನಡೆಸಬೇಕು, ಯಾರು ಅನುಮತಿ ಕೊಡಬೇಕು ಅನ್ನೋ ಮಾರ್ಗಸೂಚಿಗಳನ್ನು ಎಲ್ಲರೂ ಗಂಭೀರವಾಗಿ ನೋಡೋಕೆ ಆ ಪ್ರಕರಣವೂ ಒಂದು ಕಾರಣ. ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ. ಆಪರೇಷನ್‌ಗೆ ಬಸ್ಸಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮುಗಿದ ಮೇಲೆ ವಾಪಸ್ ಬಿಡುತ್ತಾರೆ. ಛತ್ರದ ಸಂಭ್ರಮ ಇಲ್ಲ, ಒಪ್ಪಿದೆ.

ಪ್ರಶ್ನೆ: ಭಾರತದಲ್ಲಿ ಮಾತ್ರ ಹೀಗೆ ಕಾಗದಪತ್ರ ಅಂತ ಸತಾಯಿಸ್ತಾರೆ ಅನ್ಸುತ್ತೆ. ಅಮೆರಿಕದಲ್ಲಿ ದೊಡ್ಡ ದೊಡ್ಡ ಉಚಿತ ಶಿಬಿರ ನಡೆಯೋದನ್ನ ವಿಡಿಯೋದಲ್ಲಿ ನೋಡಿದ್ದೀನಿ.
— ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲಿ ಇನ್ನೂ ಕಷ್ಟ! ನಮ್ಮಲ್ಲಿ ವಿರಾಜಪೇಟೆಗೆ ಕೇರಳದ ಡಾಕ್ಟರು ಬರಬಹುದು ಅಂತ ಈಗಷ್ಟೇ ಹೇಳಿದೆನಲ್ಲ. ಅಲ್ಲಿ ಒಂದೊಂದು ರಾಜ್ಯದ ಲೈಸೆನ್ಸ್ ಬೇರೆ ಬೇರೆ, ಗಡಿ ದಾಟಿದರೆ ಮುಗೀತು.

ನೀವು ನೋಡಿದ್ದು ಬಹುಶಃ ರಿಮೋಟ್ ಏರಿಯಾ ಮೆಡಿಕಲ್ ಸಂಸ್ಥೆಯ ಶಿಬಿರ ಇರಬೇಕು. ಅದನ್ನು 1985ರಲ್ಲಿ ಕಟ್ಟಿದವರು ಸ್ಟಾನ್ ಬ್ರಾಕ್. ಅವರು ಚಿಕ್ಕವಯಸ್ಸಿನಲ್ಲಿ ದಕ್ಷಿಣ ಅಮೆರಿಕದ ಗಯಾನಾದಲ್ಲಿ ದನ ಕಾಯುತ್ತಿದ್ದಾಗ ಕುದುರೆಯಿಂದ ಪೆಟ್ಟು ತಿಂದು ಬಿದ್ದರು. ಹತ್ತಿರದ ಡಾಕ್ಟರು ಎಲ್ಲಿ ಅಂತ ಕೇಳಿದರೆ 26 ದಿನದ ನಡಿಗೆ ಅಂದರಂತೆ. ಅಂಥ ಕಡೆಗೆ ಡಾಕ್ಟರು ಕಳಿಸೋಕೆ ಅಂತ ಶುರುವಾದ ಸಂಸ್ಥೆಗೆ ಕೊನೆಗೆ ಅತಿ ಹೆಚ್ಚು ಕೆಲಸ ಸಿಕ್ಕಿದ್ದು ಅಮೆರಿಕದೊಳಗೇ. ಹಲ್ಲು ಕೀಳಿಸಿಕೊಳ್ಳೋಕೆ, ಕನ್ನಡಕ ಮಾಡಿಸಿಕೊಳ್ಳೋಕೆ ಜನ ಹಿಂದಿನ ರಾತ್ರಿಯೇ ಬಂದು ಕಾರಿನಲ್ಲಿ ಮಲಗುತ್ತಾರೆ.

ಸ್ವಯಂಸೇವಕ ಡಾಕ್ಟರು ಸಾಕಷ್ಟು ಜನ ಸಿಗುತ್ತಿದ್ದರು, ಪಕ್ಕದ ರಾಜ್ಯದವರು ಅನ್ನೋದೇ ತೊಡಕು. ಟೆನೆಸಿ ರಾಜ್ಯ 1995ರಲ್ಲೇ ಕಾನೂನು ಮಾಡಿ, ಬೇರೆ ರಾಜ್ಯದ ಲೈಸೆನ್ಸ್ ಇರುವವರೂ ಉಚಿತ ಸೇವೆ ಮಾಡಬಹುದು ಅಂತ ಬಿಟ್ಟಿತು. ಎಲ್ಲರೂ ಹಾಗೆ ಬಿಡಲಿಲ್ಲ. 2011ರ ಮೇ ತಿಂಗಳಲ್ಲಿ ಮಿಸೌರಿಯ ಜಾಪ್ಲಿನ್ ಊರನ್ನು ಸುಂಟರಗಾಳಿ ನೆಲಸಮ ಮಾಡಿದಾಗ ಈ ಸಂಸ್ಥೆಯವರು ಕನ್ನಡಕ ಮಾಡೋ ವಾಹನ ಸಮೇತ ಹೊರಟರು. ಆದರೆ ಅವರ ಕಣ್ಣಿನ ಡಾಕ್ಟರುಗಳ ಹತ್ತಿರ ಆ ರಾಜ್ಯದ ಲೈಸೆನ್ಸ್ ಇರಲಿಲ್ಲ, ಕನ್ನಡಕ ಕೊಡೋಕೆ ಆಗಲಿಲ್ಲ. ಮನೆ ಕಳೆದುಕೊಂಡವರಿಗೆ ಒಂದು ಕನ್ನಡಕ! ಇಂಥ ಕಡೆ ರೂಲ್ಸು ಯಾರನ್ನು ಕಾಯುತ್ತೆ ಅಂತ ನಂಗೂ ಸಿಟ್ಟು ಬರುತ್ತೆ. 2013ರಲ್ಲಿ ಮಿಸೌರಿಯೂ ಕಾನೂನು ಬದಲಿಸಿತು, ಅದೂ ಗವರ್ನರ್ ಬೇಡ ಅಂದಮೇಲೂ ಶಾಸನಸಭೆ ಹಟ ಹಿಡಿದು.

ಒಂದು ಗಮನಿಸಿ, ಈ ಎರಡೂ ರಾಜ್ಯದವರು ಲೈಸೆನ್ಸೇ ಬೇಡ ಅನ್ನಲಿಲ್ಲ. ಎಲ್ಲೋ ಒಂದು ಕಡೆ ಲೈಸೆನ್ಸ್ ಇರಬೇಕು, ಇಲ್ಲಿನದೇ ಆಗಬೇಕಿಲ್ಲ ಅಂದರು. ನಮ್ಮಲ್ಲೂ ತಾತ್ಕಾಲಿಕ ನೋಂದಣಿಯನ್ನು ಹಾಗೆ ಎರಡು ವಾರದಲ್ಲಿ ಕೈಗೆ ಸಿಗೋ ಹಾಗೆ ಮಾಡಿದರೆ ತಿಪಟೂರಿನವರ ಪತ್ರ ನನಗೆ ಬರುತ್ತಲೇ ಇರಲಿಲ್ಲ.

ಪ್ರಶ್ನೆ: ಉಚಿತ ಶಿಬಿರದಲ್ಲಿ ತಪ್ಪು ಔಷಧಿ ಕೊಟ್ಟರೆ ಕೇಸ್ ಹಾಕಬಹುದಾ?
— ಓದುಗರು, ಹಾಸನ

ಉತ್ತರ: ಗ್ರಾಹಕ ನ್ಯಾಯಾಲಯದಲ್ಲಿ ಕಷ್ಟ. ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡೋ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಿರ್ಲಕ್ಷ್ಯ ಆಗಿದ್ದರೆ ಸಿವಿಲ್ ಕೋರ್ಟು, ಪೊಲೀಸು, ವೈದ್ಯಕೀಯ ಪರಿಷತ್ತಿಗೆ ದೂರು ಇವೆಲ್ಲಾ ಇದ್ದೇ ಇವೆ. ಆದರೆ ಯಾರ ಮೇಲೆ ಅಂತ ದೂರು ಕೊಡ್ತೀರಿ? ನಮ್ಮ ಅತ್ತೆಗೆ ಒಂದು ಶಿಬಿರದಲ್ಲಿ ಹದಿನೈದು ದಿನದ ಬಿಪಿ ಮಾತ್ರೆಯನ್ನು ಬರೀ ಪೇಪರ್ ಪೊಟ್ಟಣದಲ್ಲಿ ಕೊಟ್ಟಿದ್ದರು. ಮಾತ್ರೆ ಮುಗೀತು, ಕಾಯಿಲೆಯೂ ಮುಗೀತು ಅಂದುಕೊಂಡು ಬಿಟ್ಟೇಬಿಟ್ಟರು. ಮೂರು ತಿಂಗಳಾದ ಮೇಲೆ ತಲೆ ಸುತ್ತಿ ಬಿದ್ದಾಗ ಆಸ್ಪತ್ರೆಯವರು ಯಾವ ಮಾತ್ರೆ ಅಂತ ಕೇಳಿದರೆ "ಬಿಳೀದು, ಗುಂಡಗಿತ್ತು" ಅಂದರು. ಮುಂದಿನ ಸಲ ಶಿಬಿರಕ್ಕೆ ಹೋದಾಗ ಚೀಟಿ ಕೇಳಿ ಇಸ್ಕೊಳ್ಳಿ. ಅದರಲ್ಲಿ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, ಮಾತ್ರೆಯ ಹೆಸರು ಇದೆಯಾ ನೋಡಿ, ಆಮೇಲೆ ಕ್ಯೂ ಬಿಟ್ಟು ಬನ್ನಿ.